ಮಹಡಿಯ ಮೇಲಿನ ಮಣಿಕೋಣೆ: ಕೈಯಲ್ಲಿ ಸುತ್ತಿದ ಗಾಜಿನ ಮಣಿಗಳನ್ನು ಒಂದೂವರೆ ವರ್ಷ ಪೋಣಿಸಿ ನೋಡಿದ ಮೇಲೆ

ನಾನು ಮಣಿ ಮಾಡುವವಳಲ್ಲ, ಪೋಣಿಸುವವಳು. ಹದಿನಾಲ್ಕು ವರ್ಷಗಳಿಂದ ಮನೆಯಲ್ಲೇ ಸರ, ಓಲೆ, ಕೈಸರಗಳನ್ನು ಕಟ್ಟಿ, ಪರಿಚಯದವರಿಗೂ ಅವರ ಪರಿಚಯದವರಿಗೂ ಮಾರುತ್ತ ಬಂದಿದ್ದೇನೆ. ಇಷ್ಟು ವರ್ಷ ನನ್ನ ಮಣಿಗಳೆಲ್ಲ ಬರುತ್ತಿದ್ದದ್ದು ಬೆಂಗಳೂರಿನ ಮಾಮೂಲ್‌ಪೇಟೆಯ ಸಗಟು ಅಂಗಡಿಗಳಿಂದ; ಅಲ್ಲಿ ಗಾಜಿನ ಮಣಿಯನ್ನು ಒಂದೊಂದಾಗಿ ಎಣಿಸಿ ಕೊಡುವ ಪದ್ಧತಿಯಿಲ್ಲ, ತೂಗಿ ಕೊಡುತ್ತಾರೆ ಇಲ್ಲವೇ ಎಳೆಯ ಲೆಕ್ಕದಲ್ಲಿ ಕೊಡುತ್ತಾರೆ. ಒಂದೂವರೆ ವರ್ಷದ ಹಿಂದೆ ಗೆಳತಿಯೊಬ್ಬರ ಮೂಲಕ, ಮೈಸೂರಿನ ಒಂದು ಹಳೆಯ ಬಡಾವಣೆಯಲ್ಲಿ ಮನೆಯ ಮಹಡಿಯ ಮೇಲೆ ತಗಡಿನ ಕೋಣೆ ಕಟ್ಟಿಸಿಕೊಂಡು ಒಬ್ಬರೇ ಕುಳಿತು, ಕರಗಿದ ಗಾಜನ್ನು ಲೋಹದ ಕಡ್ಡಿಗೆ ಸುತ್ತಿ ಮಣಿ ಮಾಡುವ ಮಹಿಳೆಯೊಬ್ಬರ ಪರಿಚಯವಾಯಿತು. ಅಂದಿನಿಂದ ಅವರಿಂದ ಏಳು ಸಲ, ಒಟ್ಟು 312 ಮಣಿಗಳನ್ನು ಕೊಂಡಿದ್ದೇನೆ. ಅರ್ಧ ದಿನ ಅವರ ಬಳಿ ಕಲಿಯಲು ಕುಳಿತಿದ್ದೇನೆ. ಒಮ್ಮೆ ಜಗಳವನ್ನೂ ಆಡಿದ್ದೇನೆ.

ಅವರ ವ್ಯಾಪಾರಕ್ಕೆ ಫಲಕವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ನಲವತ್ತು ಗಿರಾಕಿಗಳ ಒಂದು ಗುಂಪಿದೆ, ಅಷ್ಟೆ. ಈಗಿರುವವರಿಗೇ ಮಣಿ ಸಾಲುತ್ತಿಲ್ಲ, ದಯವಿಟ್ಟು ಹೆಸರು ವಿಳಾಸ ಹಾಕಬೇಡಿ ಎಂದು ಅವರೇ ಕೇಳಿಕೊಂಡದ್ದರಿಂದ ಹಾಕಿಲ್ಲ. ಹೆಸರಿಲ್ಲದ ವಿಮರ್ಶೆಯಿಂದ ಏನು ಪ್ರಯೋಜನವೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಇಂಥ ಮಣಿಯನ್ನು ಕೊಳ್ಳುವಾಗ ಎಲ್ಲಿ ಕಣ್ಣಿಡಬೇಕು, ಎಷ್ಟು ಕೊಡಬಹುದು ಎಂಬುದು ಯಾರ ಬಳಿ ಕೊಂಡರೂ ಬದಲಾಗುವುದಿಲ್ಲ.

ಮೊದಲು ತೂತಿನ ಮಾತು. ನಾನು ಸಗಟಿನಲ್ಲಿ ಕೊಳ್ಳುತ್ತಿದ್ದ ಕೈಗೆಲಸದ ಮಣಿಗಳು ಉತ್ತರ ಪ್ರದೇಶದವು. ಕೆಲವು ವಾರಾಣಸಿಯವು, ಕೆಲವು ಹಾಥ್ರಸ್ ಜಿಲ್ಲೆಯ ಪುರ್ದಿಲ್‌ನಗರದಲ್ಲಿ ಭಟ್ಟಿಯ ಮುಂದೆ ಕುಳಿತು ಕಬ್ಬಿಣದ ಕಡ್ಡಿಗೆ ಸುತ್ತಿದವು. ಅಲ್ಲಿನ ಕೈಗಳಲ್ಲಿ ಕೊರತೆಯೇನೂ ಇಲ್ಲ. ಆದರೆ ತೂಕದ ಲೆಕ್ಕದಲ್ಲಿ ದುಡ್ಡು ಸಿಗುವಾಗ ಒಂದೊಂದು ಮಣಿಯ ತೂತಿನ ಅಂಚನ್ನು ನಯ ಮಾಡುತ್ತ ಕೂರಲು ಯಾರಿಗೆ ಪುರುಸೊತ್ತಿರುತ್ತದೆ? ಹಾಗಾಗಿ ಒಂದು ಕಿಲೋ ತಂದರೆ ಅದರಲ್ಲಿ ನೂರು, ನೂರೈವತ್ತು ಗ್ರಾಂ ಪಕ್ಕಕ್ಕೆ ಹೋಗುತ್ತಿತ್ತು: ಕೆಲವುಗಳ ತೂತಿನೊಳಗೆ ಕಡ್ಡಿಗೆ ಹಚ್ಚಿದ್ದ ಮಣ್ಣು ಗಟ್ಟಿಯಾಗಿ ಕೂತಿರುತ್ತಿತ್ತು, ಕೆಲವುಗಳ ಅಂಚು ಚಕ್ಕೆ ಎದ್ದು ಬ್ಲೇಡಿನಂತಿರುತ್ತಿತ್ತು. ಹಾಗೆ ಆರಿಸುವಾಗ ನನ್ನ ಕಣ್ಣು ತಪ್ಪಿಸಿಕೊಂಡ ಒಂದೇ ಒಂದು ಮಣಿಯ ದೆಸೆಯಿಂದ, 2019ರಲ್ಲಿ ನಾನು ಕಟ್ಟಿಕೊಟ್ಟ ಸರವೊಂದು ಹದಿನೈದನೆಯ ದಿನಕ್ಕೆ ನಾಮಕರಣದ ಮನೆಯಲ್ಲಿ, ತೊಟ್ಟಿಲ ಸುತ್ತ ಹೆಂಗಸರೆಲ್ಲ ನೆರೆದಿದ್ದಾಗ, ಹರಿದು ಚೆಲ್ಲಾಪಿಲ್ಲಿಯಾಯಿತು. ಗಿರಾಕಿ ಬೈಯಲಿಲ್ಲ, ಹರಿದ ದಾರವನ್ನೂ ಸಿಕ್ಕಷ್ಟು ಮಣಿಗಳನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿ ಕಳಿಸಿದರು. ದಾರದ ತುದಿ ಕತ್ತರಿಯಲ್ಲಿ ಕತ್ತರಿಸಿದಷ್ಟು ನೆಟ್ಟಗಿತ್ತು.

ಮೈಸೂರಿನಿಂದ ಮೊದಲ ಪಾರ್ಸೆಲ್ ಬಂದಾಗ ನಾನು ಮೊದಲು ನೋಡಿದ್ದು ತೂತಿನ ಅಂಚನ್ನೇ. ಮಣಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ತಿರುಗಿಸಿದರೆ, ಎರಡೂ ತುದಿಗಳಲ್ಲಿ ಗಾಜು ಹೊಕ್ಕುಳಿನಂತೆ ಒಳಕ್ಕೆ ಸೆಳೆದುಕೊಂಡು, ತೂತಿನ ಬಾಯಿ ಗುಂಡಗೆ, ನುಣ್ಣಗೆ ಇತ್ತು. ಕಡ್ಡಿಯ ಮೇಲೆ ಗಾಜು ಎಷ್ಟು ಅಗಲಕ್ಕೆ ಹರಡಿದೆಯೋ ಅದಕ್ಕೆ ತಕ್ಕಷ್ಟು ಗಾಜನ್ನು ಸುತ್ತಿದರೆ ಮಾತ್ರ ಕರಗಿದ ಗಾಜು ತನ್ನಷ್ಟಕ್ಕೆ ಗುಂಡಗಾಗುತ್ತ ತುದಿಗಳನ್ನು ಒಳಕ್ಕೆಳೆದುಕೊಳ್ಳುತ್ತದೆ. ಗಾಜು ಕಡಿಮೆಯಾದರೆ ತುದಿ ಮೂತಿಯಂತೆ ಚೂಪಾಗಿ ನಿಂತುಬಿಡುತ್ತದೆ. ಆ ಮೂತಿಯನ್ನು ಆಮೇಲೆ ಉಜ್ಜಿ ತೆಗೆಯಬಹುದು, ಆದರೆ ಉಜ್ಜಿದ ಗಾಜಿಗೆ ಕರಗಿದ ಗಾಜಿನ ನುಣುಪು ಬರುವುದಿಲ್ಲ. ನಾನು ಒಂದು ಹತ್ತಿಯ ಹೊಲಿಗೆ ದಾರವನ್ನು ಮಣಿಯೊಳಗೆ ತೂರಿಸಿ, ಎರಡೂ ಕೈಗಳಲ್ಲಿ ಹಿಡಿದು, ಮಜ್ಜಿಗೆ ಕಡೆಯುವ ಹಗ್ಗದಂತೆ ಐವತ್ತು ಸಲ ಅತ್ತಿತ್ತ ಎಳೆದು ನೋಡುತ್ತೇನೆ. ದಾರ ಜುಂಗು ಎದ್ದರೆ ಮಣಿ ಫೇಲು. 312ರಲ್ಲಿ ಫೇಲಾದವು ಒಂಬತ್ತು. ನನ್ನ ಮಟ್ಟಿಗೆ ಇದು ಬಹಳ ಒಳ್ಳೆಯ ಫಲಿತಾಂಶ, ಮತ್ತು ಈ ಒಂಬತ್ತರಲ್ಲಿ ಏಳು ಒಂದೇ ಪಾರ್ಸೆಲ್ಲಿನವು ಎಂಬುದನ್ನೂ ಹೇಳಬೇಕು. ಅದು ದೀಪಾವಳಿಯ ಮುಂಚಿನ ಪಾರ್ಸೆಲ್. ಅವಸರದ ಕೆಲಸ ಮೊದಲು ತೂತಿನಲ್ಲೇ ಕಾಣಿಸಿಕೊಳ್ಳುತ್ತದೆ.

ಕೈಯಲ್ಲಿ ಸುತ್ತಿದ್ದೆಂದು ಹೇಳಿ ಬೇರೇನನ್ನೋ ಮಾರುವವರೂ ಇದ್ದಾರೆ. ಎರಡು ವರ್ಷದ ಹಿಂದೆ ಒಂದು ಕರಕುಶಲ ಮೇಳದ ಮಳಿಗೆಯಲ್ಲಿ ಮಣಿಯೊಂದಕ್ಕೆ 80 ರೂಪಾಯಿಯಂತೆ ಕೊಟ್ಟು ತಂದ ಹನ್ನೆರಡು ಮಣಿಗಳಲ್ಲಿ ಹನ್ನೆರಡಕ್ಕೂ ನಡುವೆ ಕೂದಲೆಳೆಯಷ್ಟು ತೆಳ್ಳಗಿನ ಒಂದು ಗೆರೆಯಿತ್ತು. ಅದು ಅಚ್ಚಿನ ಎರಡು ಹೋಳುಗಳು ಕೂಡುವ ಜಾಗದ ಗುರುತು. ಒತ್ತಿ ಮಾಡಿದ ಮಣಿಗೆ ಮಾತ್ರ ಇರುತ್ತದೆ. ಸುತ್ತಿದ ಮಣಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಗಾಜಿನೊಳಗಿನ ಸಣ್ಣ ಗುಳ್ಳೆಗಳೂ ಬಣ್ಣದ ಎಳೆಗಳೂ ತೂತಿನ ಸುತ್ತ ಬಳೆಯಂತೆ ಸುತ್ತಿಕೊಂಡಿರುತ್ತವೆ. ಕೊಳವೆಯಾಗಿ ಎಳೆದು ತುಂಡರಿಸಿದ ಮಣಿಯಲ್ಲಾದರೆ ಅವೇ ಗುಳ್ಳೆಗಳು ತೂತಿನ ಉದ್ದಕ್ಕೆ ಹಿಗ್ಗಿಕೊಂಡಿರುತ್ತವೆ. ಎಳೆದ ಮಣಿ ಕೀಳೆಂದು ಹೇಳುತ್ತಿಲ್ಲ. ಅದು ನಮ್ಮ ದಕ್ಷಿಣದ್ದೇ ಹಳೆಯ ವಿದ್ಯೆ: 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ, ಪುದುಚೇರಿಯ ಪಕ್ಕದ ಅರಿಕಮೇಡು ಇಂಥ ಸಣ್ಣ ಎಳೆದ ಮಣಿಗಳಿಗೇ ಹೆಸರಾದ ಜಾಗ. ಆಂಧ್ರದ ತಿರುಪತಿಯ ಹತ್ತಿರದ ಪಾಪಾನಾಯ್ಡುಪೇಟೆಯಲ್ಲಿ, ಲಾಡಾ ಎಂಬ ಉದ್ದನೆಯ ಟೊಳ್ಳು ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜನ್ನು ಕೂಡಿಸಿ, ಅದರಿಂದ ಗಾಜಿನ ಕೊಳವೆಯನ್ನು ಸತತವಾಗಿ ಎಳೆಯುವ ಆ ವಿದ್ಯೆ ನಮ್ಮ ಕಾಲದವರೆಗೂ ಉಳಿದು ಬಂತು. ಒಂದಕ್ಕೆ ಇನ್ನೊಂದರ ಹೆಸರು ಹೇಳಿ ದುಡ್ಡು ಕೇಳುವುದಕ್ಕೆ ಮಾತ್ರ ನನ್ನ ತಕರಾರು.

ಈಗ ಆ ಮಹಡಿಯ ಕೋಣೆಗೆ ಬರುತ್ತೇನೆ. ಹತ್ತು ಅಡಿಗೆ ಎಂಟು ಅಡಿ. ಒಂದು ಗೋಡೆಗೆ ಕಡಪಾ ಕಲ್ಲಿನ ಹಲಗೆ ಹೊಂದಿಸಿದ ಮೇಜು, ಅದರ ಮೇಲೆ ಗಟ್ಟಿಯಾಗಿ ಬಿಗಿದ, ಗಾಜು ಕರಗಿಸುವ ಗ್ಯಾಸಿನ ಉರಿಯ ಟಾರ್ಚು, ನೆತ್ತಿಯ ಮೇಲೆ ಹೊಗೆಯನ್ನು ಹೊರದಬ್ಬುವ ದೊಡ್ಡ ಎಗ್ಸಾಸ್ಟ್ ಫ್ಯಾನು. ಗ್ಯಾಸ್ ಸಿಲಿಂಡರ್ ಕೋಣೆಯ ಹೊರಗೆ ನೆರಳಿನಲ್ಲಿದೆ, ಕೊಳವೆ ಮಾತ್ರ ಒಳಗೆ ಬರುತ್ತದೆ. ಬಾಗಿಲಿನ ಬುಡದಲ್ಲಿ ಬೇಕೆಂದೇ ನಾಲ್ಕು ಬೆರಳಷ್ಟು ಕಿಂಡಿ ಬಿಟ್ಟಿದ್ದಾರೆ, ಏಕೆಂದರೆ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿದು ಕೂರುತ್ತದೆ. ಸಿಲಿಂಡರ್ ಕೂಡ ಅಡುಗೆಮನೆಯ 14.2 ಕಿಲೋದ್ದಲ್ಲ, ವ್ಯಾಪಾರಕ್ಕೆಂದು ಕೊಡುವ 19 ಕಿಲೋದ್ದು. ಮನೆಯಲ್ಲೇ ಮಾಡುವ ಉದ್ಯೋಗವಾದರೂ ಅದು ಉದ್ಯೋಗವೇ ಆದ್ದರಿಂದ ಅಡುಗೆಯ ಸಿಲಿಂಡರನ್ನು ಅದಕ್ಕೆ ಬಳಸುವಂತಿಲ್ಲ. ಬಹಳ ಮಂದಿ ಬಳಸುತ್ತಾರೆಂಬುದು ಬೇರೆ ಮಾತು.

ಗ್ಯಾಸ್ ಒಂದರಿಂದಲೇ ಗಾಜು ಕರಗುತ್ತದೆ, ಆದರೆ ನಿಧಾನ, ಮತ್ತು ಉರಿಗೆ ಆಮ್ಲಜನಕ ಸಾಲದಿದ್ದರೆ ಕೆಲವು ಬಣ್ಣಗಳು ಮಸಿ ಹಿಡಿದಂತಾಗುತ್ತವೆ. ಅವರ ಮೇಜಿನ ಕೆಳಗೆ ಗುರುಗುಟ್ಟುತ್ತ ಕೂತಿರುವುದು ಗಾಳಿಯಿಂದ ಆಮ್ಲಜನಕವನ್ನು ಸೋಸಿ ಕೊಡುವ, ನಿಮಿಷಕ್ಕೆ 5 ಲೀಟರಿನ ಒಂದು ಆಕ್ಸಿಜನ್ ಕಾನ್ಸಂಟ್ರೇಟರ್; 2021ರ ಕೋವಿಡ್ ಅಲೆಯಲ್ಲಿ ಮಾವನವರಿಗೆಂದು ಕೊಂಡದ್ದು. ಮಾವ ಗುಣವಾಗಿ ಎದ್ದು ಓಡಾಡುತ್ತಿದ್ದಾರೆ, ಯಂತ್ರ ಸೊಸೆಯ ಕಸುಬಿಗೆ ಬಂತು. "ಅದನ್ನ ಕೊಂಡಾಗ ಮನೆಯಲ್ಲಿ ಎಲ್ರೂ ಅತ್ತಿದ್ವಿ ಅಕ್ಕಾ, ಈಗ ಅದರಿಂದಾನೇ ನನ್ನ ಮಗಳ ಫೀಸು ಕಟ್ತಾ ಇದೀನಿ" ಎಂದರು.

ಗಾಜಿನ ಕಡ್ಡಿಗಳು ಇಟಲಿಯವು, ಎಫೆತ್ರೆ ಕಂಪನಿಯವು. ಫಿರೋಜಾಬಾದಿನ ಬಳೆಗಾಜು ಇಷ್ಟು ಅಗ್ಗವಾಗಿ ಸಿಗುವಾಗ ಅಷ್ಟು ದೂರದ್ದೇಕೆ ಎಂದು ನಾನೂ ಕೇಳಿದ್ದೆ. ಕಾರಣ ಗಾಜು ಹಿಗ್ಗುವ ಲೆಕ್ಕದಲ್ಲಿದೆ. ಬಿಸಿಯಾದಾಗ ಹಿಗ್ಗಿ ತಣಿದಾಗ ಕುಗ್ಗುವ ಪ್ರಮಾಣ ಒಂದೊಂದು ಗಾಜಿಗೆ ಒಂದೊಂದು. ಈ ಇಟಲಿಯ ಗಾಜಿನದು 104 ಎಂಬ ಸಂಖ್ಯೆಯದು, ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜಿನದು 33. 104ರ ಎಲ್ಲ ಬಣ್ಣಗಳನ್ನೂ ಒಂದೇ ಮಣಿಯಲ್ಲಿ ಬೆರೆಸಬಹುದು, ಆದರೆ ಅದರ ಮೇಲೆ ಬಾಟಲಿ ಗಾಜಿನ ಒಂದು ಚುಕ್ಕಿ ಇಟ್ಟರೂ ತಣಿಯುವಾಗ ಎರಡೂ ಒಂದೇ ಸಮನಾಗಿ ಕುಗ್ಗದೆ ಮಣಿ ಬಿರಿಯುತ್ತದೆ. ಕೆಲವೊಮ್ಮೆ ಅದು ಅಂದೇ ಬಿರಿಯದೆ, ಗಿರಾಕಿಯ ಕೊರಳಿಗೆ ಹೋದ ಮೇಲೆ ಬಿರಿಯುತ್ತದೆ. ಇನ್ನು ಇಟಲಿಯ ಮಾತು ಬಂದದ್ದರಿಂದ ಒಂದು ವಿಷಯ: ವೆನಿಸ್ ನಗರ 1291ರಲ್ಲಿ ಬೆಂಕಿಯ ಭಯಕ್ಕೆ ತನ್ನ ಗಾಜಿನ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಕಳಿಸಿತಂತೆ. ಮೈಸೂರಿನಲ್ಲಿ ಪಕ್ಕದ ಮನೆಯವರು ಬೆಂಕಿಯ ಭಯಕ್ಕೆ ದೂರು ಕೊಟ್ಟದ್ದು ಕೋಣೆ ಕಟ್ಟಿದ ಎರಡನೆಯ ತಿಂಗಳಿಗೆ. ಇವರಿಗೆ ದ್ವೀಪವಿಲ್ಲದ್ದರಿಂದ ಎರಡು ಅಗ್ನಿಶಾಮಕ ಸಿಲಿಂಡರ್ ತಂದಿಟ್ಟು, ಅವರನ್ನು ಮೇಲೆ ಕರೆದು ತೋರಿಸಿ, ಅವರ ಮಗಳಿಗೆ ಒಂದು ಜೊತೆ ಓಲೆ ಕೊಟ್ಟು ಬಗೆಹರಿಸಿಕೊಂಡರು.

ಗಾಜಿನ ಮಣಿಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಕೆಲಸ ತಣಿಸುವುದು. ಉರಿಯಿಂದ ತೆಗೆದ ಮಣಿಯ ಹೊರಮೈ ಬೇಗ ತಣಿಯುತ್ತದೆ, ಒಳಗು ತಡವಾಗಿ. ಈ ಎಳೆದಾಟ ಗಾಜಿನೊಳಗೆ ಹಾಗೇ ಉಳಿದರೆ, ಮಣಿ ನೋಡಲು ಎಷ್ಟೇ ಚೆನ್ನಾಗಿದ್ದರೂ ಎಂದೋ ಒಂದು ದಿನ ಕೆಳಗೆ ಬೀಳದೆಯೇ ಒಡೆಯುತ್ತದೆ. ಇದಕ್ಕೆ ಕೆಲವರು ಬಿಸಿ ಮಣಿಯನ್ನು ವರ್ಮಿಕ್ಯುಲೈಟ್ ಎಂಬ ಹಗುರವಾದ ಖನಿಜದ ಹರಳುಗಳಲ್ಲಿ ಹೂತಿಡುತ್ತಾರೆ. ಅದು ತಣಿಯುವುದನ್ನು ನಿಧಾನ ಮಾಡುತ್ತದೆ ಹೊರತು ಒಳಗಿನ ಬಿಗುವನ್ನು ಬಿಡಿಸುವುದಿಲ್ಲ. ಅದನ್ನು ಬಿಡಿಸಬೇಕಾದರೆ ಕಿಲ್ನ್, ಅಂದರೆ ಬಿಸಿಯನ್ನು ಹತೋಟಿಯಲ್ಲಿಡುವ ಗೂಡು, ಬೇಕು: ಮಾಡಿದ ಮಣಿಯನ್ನು ಕಡ್ಡಿಯ ಸಮೇತ ಸುಮಾರು 510 ಡಿಗ್ರಿ ಸೆಲ್ಸಿಯಸ್ಸಿನಲ್ಲಿರುವ ಕಿಲ್ನಿಗೆ ಸೇರಿಸಿ, ದಿನದ ಕೊನೆಯ ಮಣಿ ಒಳಗೆ ಹೋದ ಮೇಲೂ ಒಂದು ಗಂಟೆ ಅದೇ ಬಿಸಿಯಲ್ಲಿಟ್ಟು, ಆಮೇಲೆ ರಾತ್ರಿಯಿಡೀ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಬೆಳಿಗ್ಗೆ ಕಡ್ಡಿಗಳನ್ನು ನೀರಿನಲ್ಲಿ ನೆನೆಸಿ ತಿರುಚಿದರೆ, ಮೊದಲೇ ಕಡ್ಡಿಗೆ ಹಚ್ಚಿದ್ದ ಜೇಡಿಮಣ್ಣಿನ ಲೇಪ ಸಡಿಲಗೊಂಡು ಮಣಿ ಕೈಗೆ ಬರುತ್ತದೆ. ಆ ಲೇಪದ ಬಿಳಿ ಪುಡಿಯನ್ನು ವಜ್ರದ ಪುಡಿ ಅಂಟಿಸಿದ ಸೂಜಿಯಿಂದ ನೀರಿನೊಳಗೇ ಉಜ್ಜಿ ತೆಗೆಯಬೇಕು. ಒಣಗಿದ್ದನ್ನು ಉಜ್ಜಿದರೆ ಆ ದೂಳು ಶ್ವಾಸಕೋಶಕ್ಕೆ ಹೋಗುತ್ತದೆ.

ಕೊಳ್ಳುವವರು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಪೂರ್ತಿ ಬಿಳಿಯ ಪುಟ ತೆರೆದು, ಪೋಲರಾಯ್ಡ್ ತಂಪು ಕನ್ನಡಕದ ಒಂದು ಗಾಜಿನ ಮೂಲಕ ನೋಡುತ್ತ ಕನ್ನಡಕವನ್ನು ನಿಧಾನವಾಗಿ ತಿರುಗಿಸಿದರೆ ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಆಗ ಪರದೆಗೂ ಕನ್ನಡಕಕ್ಕೂ ನಡುವೆ ಪಾರದರ್ಶಕ ಮಣಿಯನ್ನು ಹಿಡಿಯಬೇಕು. ಬಿಗುವು ಉಳಿದಿರುವ ಮಣಿಯಾದರೆ ತೂತಿನ ಸುತ್ತ ಬಿಳಿಯ ಮಚ್ಚೆಗಳು ಬೆಳಗುತ್ತವೆ. ಮಣಿಯ ಹೊರ ಅಂಚು ಹೇಗಿದ್ದರೂ ಸ್ವಲ್ಪ ಹೊಳೆಯುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಬೆಳಕು ತೂರದ ಬಣ್ಣಗಳಿಗೆ ಈ ಉಪಾಯ ನಡೆಯುವುದಿಲ್ಲ. ನಾನು ಅವರ 60 ತಿಳಿಗಾಜಿನ ಮಣಿಗಳನ್ನು ಹೀಗೆ ನೋಡಿದೆ, ಎರಡರಲ್ಲಿ ಮಚ್ಚೆ ಕಂಡಿತು. ಎರಡೂ 22 ಮಿಲಿಮೀಟರಿನ ದಪ್ಪ ಮಣಿಗಳು. ಅವುಗಳಲ್ಲೊಂದು ನಾಲ್ಕು ತಿಂಗಳ ನಂತರ, ರಾತ್ರಿ ಹನ್ನೊಂದರ ಹೊತ್ತಿಗೆ, ಡಬ್ಬಿಯೊಳಗೆ ತನ್ನಷ್ಟಕ್ಕೆ ಟಿಕ್ಕೆಂದು ಸದ್ದು ಮಾಡಿ ಎರಡು ಹೋಳಾಯಿತು. ಫೋಟೊ ಕಳಿಸಿದೆ. ಒಂದೂ ಪ್ರಶ್ನೆ ಕೇಳದೆ ಎರಡಕ್ಕೂ ಬದಲಿ ಕಳಿಸಿದರು, ಅಂಚೆಯ ಖರ್ಚನ್ನೂ ಅವರೇ ಹಾಕಿಕೊಂಡರು, ದಪ್ಪ ಮಣಿಗಳನ್ನು ಇನ್ನು ಮೇಲೆ ಬೇರೆಯಾಗಿ ಹೆಚ್ಚು ಹೊತ್ತು ಇಡುತ್ತೇನೆಂದರು. ನಂತರ ಬಂದ ದಪ್ಪ ಮಣಿಗಳಲ್ಲಿ ಮಚ್ಚೆ ಕಂಡಿಲ್ಲ.

ಬೆಲೆಗೆ ಬರೋಣ. ಒಂದೇ ಬಣ್ಣದ 10 ಮಿಲಿಮೀಟರಿನ ಮಣಿಗೆ 45 ರೂಪಾಯಿ, ಚುಕ್ಕಿ ಮಣಿಗೆ 110, ಒಳಗೆ ಹೂವು ಬರೆದು ಮೇಲೆ ತಿಳಿಗಾಜು ಹೊದಿಸಿದ್ದಕ್ಕೆ 260, ದಪ್ಪ ಮಣಿಗೆ 400. ಸಗಟಿನಲ್ಲಿ ನೋಡಲು ಹೆಚ್ಚುಕಡಿಮೆ ಇದೇ ತರಹದ ಚುಕ್ಕಿ ಮಣಿ ನನಗೆ ಏಳೆಂಟು ರೂಪಾಯಿಗೆ ಬೀಳುತ್ತದೆ. ಒಂದು ಚುಕ್ಕಿ ಮಣಿಗೆ ಹನ್ನೆರಡು ನಿಮಿಷ, ಹೂವಿನದಕ್ಕೆ ಅರ್ಧ ಗಂಟೆಯನ್ನು ನಾನೇ ಗಡಿಯಾರ ನೋಡಿ ಲೆಕ್ಕ ಹಾಕಿದ್ದೇನೆ. ಹತ್ತರಲ್ಲಿ ಒಂದು ಕಡ್ಡಿಯ ಮೇಲೇ ಹಾಳಾಗುತ್ತದೆ. ವಾರಕ್ಕೆ ಮೂರೇ ದಿನ ಟಾರ್ಚ್ ಹೊತ್ತುತ್ತದೆ. ಉಳಿದ ದಿನಗಳು ತೂತು ತೊಳೆಯಲು, ಜೋಡಿ ಹೊಂದಿಸಲು, ಫೋಟೊ ತೆಗೆಯಲು, "ಇದೇ ಬಣ್ಣ ಸ್ವಲ್ಪ ತಿಳಿಯಾಗಿ ಸಿಗುತ್ತಾ" ಎಂಬ ಸಂದೇಶಗಳಿಗೆ ಉತ್ತರ ಬರೆಯಲು, ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲಲು. ಇದನ್ನೆಲ್ಲ ಕಣ್ಣಾರೆ ನೋಡಿದ ಮೇಲೆ ನನ್ನ ತೀರ್ಮಾನ ಹೀಗಿದೆ: ಚುಕ್ಕಿ ಮಣಿಯ ಬೆಲೆ ನ್ಯಾಯವಾದದ್ದು, ಹೂವಿನ ಮಣಿಗೆ ಅವರು ಕಡಿಮೆ ಕೇಳುತ್ತಿದ್ದಾರೆ, 350 ಕೇಳಿದರೂ ನಾನು ಕೊಡುತ್ತೇನೆ, ಒಂದೇ ಬಣ್ಣದ ಮಣಿಗೆ 45 ಮಾತ್ರ ಹೆಚ್ಚಾಯಿತು. ಸರದ ನಡುನಡುವೆ ತುಂಬಲು ಬೇಕಾದ ಅಂಥ ಮಣಿಯನ್ನು ನಾನು ಈಗಲೂ ಮಾಮೂಲ್‌ಪೇಟೆಯಿಂದಲೇ ತಂದು, ಕೂತು ಆರಿಸಿಕೊಳ್ಳುತ್ತೇನೆ.

ನನ್ನ ಸರಗಳಲ್ಲಿ ಇವರ ಮಣಿ ಐದೋ ಏಳೋ ಇರುತ್ತವೆ, ಎದೆಯ ಮೇಲೆ ಬರುವ ಜಾಗದಲ್ಲಿ. ಹಾಗೆ ಕಟ್ಟಿದ ಸರವೊಂದಕ್ಕೆ 1,400 ರೂಪಾಯಿ ಹೇಳಿದಾಗ ಒಬ್ಬ ಗಿರಾಕಿ, "ಗಾಜಿಗೆ ಇಷ್ಟಾ ಆಂಟಿ? ಇನ್ನೊಂದಿಷ್ಟು ಹಾಕಿದ್ರೆ ಬೆಳ್ಳೀನೇ ಬರುತ್ತಲ್ಲ" ಎಂದಿದ್ದಳು. ನಾನು ಉತ್ತರ ಹೇಳುವ ಬದಲು ಭೂತಗನ್ನಡಿ ಕೊಟ್ಟೆ. ಹೂವಿನ ಎಸಳುಗಳು ಗಾಜಿನ ಒಳಗಿವೆಯೋ ಮೇಲಿವೆಯೋ ಎಂದು ಎರಡು ನಿಮಿಷ ತಿರುಗಿಸಿ ತಿರುಗಿಸಿ ನೋಡಿದಳು, ಕೊಂಡಳು. ಎಲ್ಲರೂ ಕೊಳ್ಳುವುದಿಲ್ಲ, ಅಂಥ ಮೂರು ಸರಗಳು ಒಂಬತ್ತು ತಿಂಗಳಿಂದ ನನ್ನ ಕಪಾಟಿನಲ್ಲೇ ಇವೆ.

ಬಣ್ಣದ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನವಿಲ್ಲ. ದಂತದ ಬಣ್ಣದ ಗಾಜಿನ ಮೇಲೆ ಪಚ್ಚೆನೀಲಿಯ ಚುಕ್ಕಿ ಇಟ್ಟರೆ ಎರಡೂ ಕೂಡುವ ಕಡೆ ಕಾಡಿಗೆ ತೀಡಿದಂತೆ ಒಂದು ಕಪ್ಪು ಗೆರೆ ತಾನಾಗಿ ಮೂಡುತ್ತದೆ. ನೀಲಿಯಲ್ಲಿರುವ ತಾಮ್ರಕ್ಕೂ ದಂತಬಣ್ಣದಲ್ಲಿರುವ ಗಂಧಕಕ್ಕೂ ಆಗುವ ಪ್ರತಿಕ್ರಿಯೆ ಅದು. ಅವರು ಆ ಗೆರೆಯನ್ನು ಹತೋಟಿಯಲ್ಲಿಟ್ಟುಕೊಂಡು ಮಾಡುವ ಮಣಿಗಳು ಅವರ ಕೆಲಸದಲ್ಲೆಲ್ಲ ನನಗೆ ಹೆಚ್ಚು ಇಷ್ಟ. ಅದೇ ಪಚ್ಚೆನೀಲಿ ಉರಿಯಲ್ಲಿ ಆಮ್ಲಜನಕ ಕಡಿಮೆಯಾದಾಗ ತುಕ್ಕಿನಂಥ ಕಂದು ಪೊರೆ ಕಟ್ಟುತ್ತದೆ. ಮೂರನೆಯ ಪಾರ್ಸೆಲ್ಲಿನಲ್ಲಿ ಅಂಥ ಹನ್ನೊಂದು ಮಣಿಗಳು ಬಂದಿದ್ದವು, ಫೋಟೊದಲ್ಲಿ ಒಂದರಲ್ಲೂ ಪೊರೆ ಕಾಣುತ್ತಿರಲಿಲ್ಲ. ಇನ್ನು ಕೆಂಪು. ಕೆಲವು ಕೆಂಪುಗಳು ಒಮ್ಮೆ ತಣಿಸಿ ಮತ್ತೆ ಕಾಯಿಸಿದಾಗಲೇ ಬಣ್ಣ ತಿರುಗುವುದರಿಂದ ಒಂದು ದಿನದ ಕೆಂಪು ಇನ್ನೊಂದು ದಿನದ ಕೆಂಪಿಗೆ ಕೂಡಿಬರುವುದಿಲ್ಲ. ಇದು ಅವರ ತಪ್ಪಲ್ಲ, ಗಾಜಿನ ಗುಣ. ಆದರೆ "ಕೆಂಪು ಬೇಕಾದವರು ಸರಕ್ಕೆ ಬೇಕಾದಷ್ಟನ್ನೂ ಒಂದೇ ಸಲ ಕೇಳಿ" ಎಂದು ಗುಂಪಿನಲ್ಲಿ ಒಂದು ಸಾಲು ಬರೆದಿದ್ದರೆ ನನ್ನ ಮೊದಲ ಎರಡು ಆರ್ಡರಿನ ಹದಿನಾಲ್ಕು ಕೆಂಪು ಮಣಿಗಳು ಜೋಡಿಯಿಲ್ಲದೆ ಡಬ್ಬಿಯಲ್ಲಿ ಕೂರುತ್ತಿರಲಿಲ್ಲ.

ಜಗಳ ಆದದ್ದು ತಂಗಿಯ ಮಗಳ ಮದುವೆಯ ಹೊತ್ತಿನಲ್ಲಿ. ಹತ್ತಿರದ ಹೆಂಗಸರಿಗೆ ಬಾಗಿನದ ಜೊತೆ ಕೊಡಲೆಂದು ಇಪ್ಪತ್ತೊಂದು ಜೊತೆ ಓಲೆಗಳಿಗೆ 42 ಮಣಿ ಹೇಳಿದ್ದೆ, ಅರ್ಧ ಹಣ ಮುಂಗಡ ಕೊಟ್ಟಿದ್ದೆ, ಮೂರು ವಾರದ ಮಾತಾಗಿತ್ತು. ಎರಡನೆಯ ವಾರದಲ್ಲಿ ಕಿಲ್ನನ್ನು ಕಾಯಿಸುವ ತಂತಿಯ ಸುರುಳಿ, ಕಾಯಿಲ್, ಸುಟ್ಟುಹೋಯಿತಂತೆ. ಕಾಯಿಲ್ ಸುಡುವುದು ಯಾರ ಕೈಯಲ್ಲೂ ಇಲ್ಲ. ಆದರೆ ಅದನ್ನು ನನಗೆ ತಿಳಿಸಿದ್ದು ಹತ್ತು ದಿನಗಳ ನಂತರ, ಅದೂ ನಾನೇ ಫೋನ್ ಮಾಡಿ ಕೇಳಿದಾಗ. "ಇವತ್ತು ಸರಿಹೋಗುತ್ತೆ, ನಾಳೆ ಸರಿಹೋಗುತ್ತೆ ಅಂತ ಹೇಳಲಿಲ್ಲ ಅಕ್ಕಾ" ಎಂದರು. ಕಿಲ್ನಿಲ್ಲದೆ ವರ್ಮಿಕ್ಯುಲೈಟಿನಲ್ಲಿ ತಣಿಸಿ ಕೊಟ್ಟುಬಿಡಿ, ಮದುವೆ ದಿನ ದಾಟಿದರೆ ಸಾಕು ಎಂದು ನಾನು ಕೋಪದಲ್ಲಿ ಅಂದೆ. ಒಪ್ಪಲಿಲ್ಲ, ಹಣ ವಾಪಸ್ ಕೊಡುತ್ತೇನೆ, ಹಾಗೆ ಮಾಡಿದ ಮಣಿ ಮಾತ್ರ ಕೊಡುವುದಿಲ್ಲ ಎಂದರು. ಕೊನೆಗೆ ಬಾಗಿನದಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಓಲೆಗಳು ಹೋದವು, ಗಾಜಿನ ಮಣಿಗಳು ಮದುವೆ ಕಳೆದು ಮೂರು ವಾರಕ್ಕೆ ಬಂದವು. ಆ ದಿನ ಅವರು ಒಪ್ಪದಿದ್ದದ್ದು ಸರಿ ಎಂದು ಈಗ ಅನ್ನಿಸುತ್ತದೆ. ಹತ್ತು ದಿನ ಸುಮ್ಮನಿದ್ದದ್ದನ್ನು ಈಗಲೂ ತಪ್ಪೆಂದೇ ಹೇಳುತ್ತೇನೆ. ದಿನಾಂಕಕ್ಕೆ ಕಟ್ಟುಬಿದ್ದ ಸಮಾರಂಭಗಳಿಗೆ ಇಂಥ ಒಂಟಿ ಕೈಯ ಕಸುಬಿನವರನ್ನು ನಂಬುವವರು ಕನಿಷ್ಠ ಎರಡು ತಿಂಗಳು ಮುಂಚೆ ಹೇಳಬೇಕು.

ಪಾರ್ಸೆಲ್ ಕಟ್ಟುವುದರಲ್ಲಿ ಅವರಿಗೆ ಪೂರ್ತಿ ಅಂಕ. ಏಳು ಪಾರ್ಸೆಲ್ಲುಗಳಲ್ಲಿ ದಾರಿಯಲ್ಲಿ ಒಡೆದದ್ದು ಒಂದೂ ಇಲ್ಲ. ಬಿಲ್ಲನ್ನು ಮಾತ್ರ ಕೇಳಿಯೇ ಪಡೆಯಬೇಕು.

ಅವರು ತಿಂಗಳಿಗೊಮ್ಮೆ ಇಬ್ಬರಿಗೆ ಅರ್ಧ ದಿನ ಕಲಿಸುತ್ತಾರೆ, ಒಬ್ಬರಿಗೆ 2,500 ರೂಪಾಯಿ. ಕಲಿತು ಮಣಿ ಮಾಡುವ ಆಸೆಯಿಂದ ಹೋಗುವವರಿಗೆ ನಾಲ್ಕು ಗಂಟೆ ಏನೂ ಸಾಲದು. ಮಣಿ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮೊದಲು ಒಂದು ಗುಲಾಬಿ ಛಾಯೆಯ ಕನ್ನಡಕ ಕೊಡುತ್ತಾರೆ, ಡಿಡೈಮಿಯಮ್ಮಿನದು. ಬಿಸಿ ಗಾಜಿನಿಂದ ಏಳುವ ಸೋಡಿಯಂನ ಹಳದಿ ಬೆಳಕನ್ನು ಅದು ನುಂಗಿಬಿಡುವುದರಿಂದ, ಬರಿಗಣ್ಣಿಗೆ ಕಿತ್ತಳೆಯ ಜ್ವಾಲೆ ಮಾತ್ರ ಕಾಣುತ್ತಿದ್ದ ಕಡೆ ಮಣಿಯೇ ಸ್ಪಷ್ಟವಾಗಿ ಕಾಣುತ್ತದೆ. ನಾನು ತಣ್ಣಗಿನ ಗಾಜಿನ ಕಡ್ಡಿಯನ್ನು ಒಮ್ಮೆಗೇ ಉರಿಗೆ ಒಡ್ಡಿದೆ. ಚಟ್ಟೆಂದು ಸಿಡಿದು ಚೂರೊಂದು ಏಪ್ರನ್ನಿಗೆ ಬಡಿಯಿತು. "ಸಾಸಿವೆ ಸಿಡಿಯೋ ಹಾಗೆ ಸಿಡಿಯುತ್ತೆ ಅಕ್ಕಾ, ದೂರದಿಂದ ಕಾಯಿಸ್ತಾ ಹತ್ತಿರ ತನ್ನಿ" ಎಂದರು. ಕರಗಿದ ಗಾಜಿನ ಹದವನ್ನು ಅವರು ಹೇಳಿದ್ದು ಬೆಲ್ಲದ ಪಾಕದ ಲೆಕ್ಕದಲ್ಲಿ: ಎಳೆಪಾಕಕ್ಕೆ ಬಂದಾಗ ಸುತ್ತಬೇಕು, ಅದಕ್ಕಿಂತ ತೆಳುವಾದರೆ ತೊಟ್ಟಿಕ್ಕುತ್ತದೆ, ಗಟ್ಟಿಯಾದರೆ ಲೇಪವನ್ನು ಕಿತ್ತು ತರುತ್ತದೆ. ಬಲಗೈ ಗಾಜನ್ನು ಕೊಡುತ್ತಿರುವಾಗ ಎಡಗೈ ಲೋಹದ ಕಡ್ಡಿಯನ್ನು ಒಂದು ಕ್ಷಣವೂ ನಿಲ್ಲಿಸದೆ ತಿರುಗಿಸುತ್ತಲೇ ಇರಬೇಕು. ನನ್ನ ಎಡಗೈ ನಿಂತಿತು. ನಾಲ್ಕು ಗಂಟೆಯಲ್ಲಿ ನಾನು ಮಾಡಿದ ಐದು ಮಣಿಗಳಲ್ಲಿ ಮೂರು ಬದನೆಕಾಯಿಯಂತೆ ಒಂದು ಕಡೆಗೆ ಜೋತುಬಿದ್ದವು, ಒಂದರ ತೂತೇ ಮುಚ್ಚಿಹೋಯಿತು, ಒಂದನ್ನು ಮನೆಗೆ ತಂದು ಬೀಗದ ಕೈಗೊಂಚಲಿಗೆ ಹಾಕಿಕೊಂಡಿದ್ದೇನೆ. ಅದಾದ ಮೇಲೆ 260 ರೂಪಾಯಿಯ ಹೂವಿನ ಮಣಿಗೆ ನಾನು ಚೌಕಾಸಿ ಮಾಡಿಲ್ಲ.

ಅದೇ ದಿನ ಅವರು ಕಪ್ಪು ಕಡ್ಡಿಯೊಂದನ್ನು ಕರಗಿಸಿ, ಇಕ್ಕಳದಲ್ಲಿ ತುದಿ ಹಿಡಿದು, ಸೂಜಿಯಷ್ಟು ತೆಳ್ಳಗೆ ಮೊಳದುದ್ದ ಎಳೆದು ಕಿಟಕಿಯ ಬೆಳಕಿಗೆ ಹಿಡಿದರು. ಕಪ್ಪೆಂದುಕೊಂಡಿದ್ದ ಗಾಜು ಗಾಢ ನೇರಳೆಯಾಗಿತ್ತು. ನಮ್ಮಮ್ಮ ವರ್ಷಕ್ಕೊಮ್ಮೆ ತಮ್ಮ ಕರಿಮಣಿಯನ್ನು ಬಿಚ್ಚಿ ಹೊಸ ದಾರಕ್ಕೆ ಪೋಣಿಸುವಾಗ, ನೆಲದ ಮೇಲೆ ಹಾಸಿದ ಬಿಳಿ ಪಂಚೆಯ ಮೇಲೆ ಉರುಳಿದ ಮಣಿಗಳಲ್ಲಿ ಕೆಲವು ಬಿಸಿಲು ಬಿದ್ದಾಗ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದವು, ಅವನ್ನು "ಬಣ್ಣ ಬಿಟ್ಟವು" ಎಂದು ಅಮ್ಮ ಆಚೆ ಇಡುತ್ತಿದ್ದರು. ಬಣ್ಣ ಬಿಟ್ಟಿರಲಿಲ್ಲ, ಮೊದಲಿಂದಲೂ ಅವು ಹಾಗೇ ಇದ್ದವು.

ಎಂಟನೆಯ ಆರ್ಡರ್ ಕಳೆದ ವಾರ ಕೊಟ್ಟಿದ್ದೇನೆ: ಆ ಕಪ್ಪು ಗಾಜಿನದೇ 6 ಮಿಲಿಮೀಟರಿನ 54 ಮಣಿಗಳು, ತೂತು 1.6 ಮಿಲಿಮೀಟರಿನದು, ಚುಕ್ಕಿಯಿಲ್ಲ, ಹೂವಿಲ್ಲ. ಒಂದೇ ಬಣ್ಣದ ಮಣಿಗೆ 45 ರೂಪಾಯಿ ಹೆಚ್ಚೆಂದು ಮೇಲೆ ಬರೆದದ್ದು ನಿಜ. ಚಿಕ್ಕ ಗಾತ್ರವೆಂದು ಅವರು ಇವಕ್ಕೆ 40 ಹೇಳಿದರು, ಒಪ್ಪಿದೆ. ಎಂಟು ವಾರ ಬೇಕೆಂದಿದ್ದಾರೆ, ಈ ಸಲ ನಾನೇ ಹತ್ತು ಎಂದು ಬರೆದುಕೊಂಡಿದ್ದೇನೆ.